ಮೈಯ ನೀರು ಆರುವಾಗ

ಕೊಡಗು ಇನ್ನೂ ತನ್ನದೇ ಮಂತ್ರಿಗಳನ್ನು ಇಟ್ಟುಕೊಂಡ ಪುಟ್ಟ ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆಯ ಹೈಸ್ಕೂಲಿನಲ್ಲಿ ಕರಿಬಸಪ್ಪ ಮೇಷ್ಟ್ರು ವಿಜ್ಞಾನ ಕಲಿಸುತ್ತಿದ್ದರು. ಏಲಕ್ಕಿ ವ್ಯಾಪಾರದ ಮನೆಯಲ್ಲಿ ಹುಟ್ಟಿಯೂ ತಕ್ಕಡಿ ಹಿಡಿಯಲು ಒಲ್ಲದೆ, ಮೈಸೂರಿಗೆ ಹೋಗಿ ಬಿ.ಎಸ್ಸಿ. ಮಾಡಿಕೊಂಡು ಬಂದವರು. ಹಣೆಗೆ ಅಗಲವಾದ ವಿಭೂತಿ, ಮೈಮೇಲೆ ಕರಿ ಕೋಟು, ಕೋಟಿನ ತೋಳಿಗೆ ಸದಾ ಸೀಮೆಸುಣ್ಣದ ಪುಡಿ. ಅವರು ಪಾಠಕ್ಕೆ ನಿಂತರೆ ಗಂಟೆ ಹೊಡೆದರೂ ಹುಡುಗರು ಏಳುತ್ತಿರಲಿಲ್ಲ.

ಅದರಲ್ಲೂ ಶಾಖದ ಪಾಠ ಎಂದರೆ ಪಕ್ಕದ ತರಗತಿಯವರೂ ಕಿಟಕಿಗೆ ಬರುತ್ತಿದ್ದರು. ಒಂದೇ ತೂಕದ ಕಬ್ಬಿಣದ ಗುಂಡನ್ನೂ ನೀರನ್ನೂ ಒಂದೇ ಉರಿಯಲ್ಲಿ ಕಾಯಿಸಿ ತೋರಿಸುವರು. "ನೋಡ್ರಪ್ಪ, ಕಬ್ಬಿಣ ಒಂದು ತುತ್ತು ಉಂಡ್ರೆ ಸಾಕು, ಮುಖ ಕೆಂಪಾಗ್ತದೆ. ನೀರು ಹೊಟ್ಟೆಬಾಕ. ಎಷ್ಟು ಕಾವು ಉಂಡ್ರೂ ಮುಖದ ಮೇಲೆ ತೋರ್ಸಲ್ಲ. ಆದ್ರೆ ಉಂಡಿದ್ದನ್ನ ಬೇಗ ಬಿಟ್ಟೂ ಕೊಡಲ್ಲ. ಇದೇ ವಿಶಿಷ್ಟೋಷ್ಣ." ಆಮೇಲೆ ಕುದಿಯುವ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟು, ಎಷ್ಟು ಉರಿ ಹಾಕಿದರೂ ಪಾದರಸ ನೂರರ ಗೆರೆ ದಾಟದೆ ನಿಲ್ಲುವುದನ್ನು ತೋರಿಸುವರು. ಆ ಕಾವೆಲ್ಲ ಎಲ್ಲಿ ಹೋಯಿತು? ನೀರನ್ನು ಹಬೆ ಮಾಡುವುದಕ್ಕೆ ಹೋಯಿತು, ಯಾರಿಗೂ ಕಾಣದಂತೆ ಹಬೆಯೊಳಗೆ ಅಡಗಿ ಕೂತಿತು, ಅದಕ್ಕೇ ಅದು ಗುಪ್ತೋಷ್ಣ. ಕೊನೆಗೆ ಹುಡುಗರ ಅಂಗೈಗೆ ಒಂದೊಂದು ತೊಟ್ಟು ಸ್ಪಿರಿಟ್ ಬಿಟ್ಟು ಊದಲು ಹೇಳುವರು. "ತಣ್ಣಗಾಯ್ತಾ? ಕುದಿಯದೆ ಸುಮ್ನೆ ಆರೋದಕ್ಕೂ ಕಾವು ಬೇಕೇ ಬೇಕು. ಕೆಳಗೆ ಉರಿ ಇಲ್ಲ. ಎಲ್ಲಿಂದ ತರ್ತದೆ? ಯಾರಿಗೆ ಅಂಟಿಕೊಂಡಿದೆಯೋ ಅವರಿಂದಲೇ ಕಿತ್ಕೊಳ್ತದೆ."

ಈ ಮಾತನ್ನು ಅವರು ವರ್ಷ ವರ್ಷವೂ ಹೇಳುತ್ತಿದ್ದರು. ಹೇಳಿ, ಕೈ ತೊಳೆದುಕೊಂಡು, ಕೊಡೆ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು.

ಮನೆಯಲ್ಲಿ ಮೂವರು: ತಾಯಿ ಬಸಲಿಂಗಮ್ಮ, ಮೇಷ್ಟ್ರು, ಅವರ ಎರಡನೆಯ ಹೆಂಡತಿ ಸುಮಿತ್ರಮ್ಮ. ನಾಲ್ಕನೆಯವಳೂ ಒಬ್ಬಳಿದ್ದಾಳೆ ಎಂದು ಬೀದಿಯವರು ಹೇಳುತ್ತಿದ್ದರು. ಅವಳು ತೀರಿಕೊಂಡ ಮೊದಲ ಹೆಂಡತಿ, ಸರ್ವಮಂಗಳ.

ಸರ್ವಮಂಗಳ ಮಕ್ಕಳಿಗಾಗಿ ಹಂಬಲಿಸಿದವಳು. ಹರಕೆ ಹೊತ್ತದ್ದಕ್ಕೆ, ಉಪವಾಸ ಮಾಡಿದ್ದಕ್ಕೆ ಲೆಕ್ಕವಿಲ್ಲ. ಮಡಿಲು ತುಂಬುವ ಮೊದಲೇ ವಿಷಮಶೀತ ಜ್ವರ ಬಂತು. ಮೈ ಹೆಂಚಿನ ಹಾಗೆ ಸುಡುತ್ತಿತ್ತು. ಮೇಷ್ಟ್ರು ಹಗಲೆಲ್ಲ ಪಕ್ಕದಲ್ಲಿ ಕೂತು ಹಣೆಗೆ, ಅಂಗಾಲಿಗೆ ಒದ್ದೆ ಬಟ್ಟೆ ಹಾಕಿ ಬೀಸಣಿಗೆ ಬೀಸುತ್ತಿದ್ದರು. ಬಟ್ಟೆ ಆರಿದೊಡನೆ ಅವಳು ಕಣ್ಣು ಬಿಡುವಳು. "ಇನ್ನೊಂದ್ಸಲ ತಣ್ಣಗೆ ಮಾಡ್ರೀ... ತಣ್ಣಗೆ." ಅವಳ ಕೊನೆಯ ಮಾತೂ ಅದೇ.

ಮಾರನೆಯ ವರ್ಷ ಕೊಡ್ಲಿಪೇಟೆಯಿಂದ ಸುಮಿತ್ರಮ್ಮನನ್ನು ತಂದರು. ಬೇಗನೆ ಬಸುರಾದಳು. ಮಾರ್ಗಶಿರದಲ್ಲಿ, ಮೂಡಲ ಕಡೆಯಿಂದ ಒಣಗಾಳಿ ಬೀಸುವ ದಿನಗಳಲ್ಲಿ, ಗಂಡು ಕೂಸು ಹುಟ್ಟಿತು. ಸೂಲಗಿತ್ತಿ ನಿಂಗಮ್ಮ ಹೊಕ್ಕಳ ಕೊಯ್ದು ಕೊಟ್ಟಳು. ಬಸಲಿಂಗಮ್ಮ ಹಿತ್ತಲ ಬಚ್ಚಲಲ್ಲಿ ಹದವಾದ ಬಿಸಿನೀರು ಹಾಕಿ, ಕಡಲೆಹಿಟ್ಟು ಹಚ್ಚಿ ತೊಳೆದು, ಒಂದು ಹಳೆ ಸೀರೆಯ ತುಂಡಲ್ಲಿ ಸುತ್ತಿ ನಡುಮನೆಗೆ ತಂದು ಮೊರದಲ್ಲಿ ಮಲಗಿಸಿದರು. ಲಿಂಗ ಕಟ್ಟಲು ಮಠದ ಅಯ್ಯನವರು ಬರಬೇಕು. ಅವರಿಗಾಗಿ ಬಾಗಿಲು ತೆರೆದೇ ಇತ್ತು. ಅವರು ಬಂದು ಕಟ್ಟಿ ಹೋಗುವ ಹೊತ್ತಿಗೆ ಕೂಸಿನ ತುಟಿ ನೀಲಿಯಾಗಿತ್ತು. ಮೊಲೆ ಹಿಡಿಯಲಿಲ್ಲ. ಅಳಲೂ ಇಲ್ಲ. ಅಗ್ಗಿಷ್ಟಿಕೆ ಪಕ್ಕದಲ್ಲಿಟ್ಟರು, ಬಿಸಿ ಇಟ್ಟಿಗೆ ಇಟ್ಟರು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿತು. ಮರುವರ್ಷ ಪುಷ್ಯದಲ್ಲಿ ಹುಟ್ಟಿದ ಹೆಣ್ಣು ಕೂಸೂ ಹಾಗೆಯೇ ಹೋಯಿತು.

ಎರಡು ಸಲವೂ ಆ ಪುಟ್ಟ ಪಾದಗಳನ್ನು ಮೇಷ್ಟ್ರು ಅಂಗೈಯಲ್ಲಿ ಹಿಡಿದಿದ್ದರು. ಜೀವ ಇರುವಾಗಲೇ ಅವು ತಣ್ಣಗಾಗಿದ್ದವು. ಬಾವಿಯಿಂದ ಆಗ ತಾನೇ ಎತ್ತಿದ ಕೊಡದ ಮೈ ಹಾಗೆ.

"ತಣ್ಣಗೆ, ತಣ್ಣಗೆ ಅಂತಾನೇ ಹೋದ್ಲು ಪುಣ್ಯಾತ್ಗಿತ್ತಿ," ಎಂದರು ಬಸಲಿಂಗಮ್ಮ. "ಈಗ ಕೂಸಿನ ಆಸೆಗೆ ಬಂದು ಎತ್ಕೊಳ್ತಾಳೆ. ಅವಳ ಕೈ ಅದು."

ಈ ಮಾತು ಮನೆಯಲ್ಲಿ ಬೇರು ಬಿಟ್ಟಿತು. ನಡುಮನೆಯ ಪಕ್ಕದಲ್ಲಿ ಸರ್ವಮಂಗಳ ಮಲಗುತ್ತಿದ್ದ ಕೋಣೆಗೆ ಬೀಗ ಬಿತ್ತು. ಸುಮಿತ್ರಮ್ಮ ಮೊದಮೊದಲು ಹೆದರಿದಳು. ಆಮೇಲೆ ಮಾತಾಡತೊಡಗಿದಳು. ಸಂಜೆ ದೀಪ ಹಚ್ಚಿ ಬಂದು, ಬೀಗದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಪಕ್ಕದ ಮನೆಯವಳೊಡನೆ ಮಾತಾಡುವಷ್ಟು ಸಹಜವಾಗಿ, "ಅಕ್ಕ, ಈ ಸಲ ಬಿಟ್ಕೊಡಿ. ನೀವೇ ಸಾಕಿ. ನಾನು ಬರೇ ಹಾಲು ಕೊಡ್ತೀನಿ" ಎನ್ನುತ್ತಿದ್ದಳು. ಆಗ ಮೂರನೆಯ ಬಸುರು. ಮೇಷ್ಟ್ರು ಜಗಲಿಯಲ್ಲಿ ಕೂತು ಕೇಳಿಸದವರಂತೆ ಪೇಪರು ಓದುತ್ತಿದ್ದರು. ದೆವ್ವ ಗಿವ್ವ ಸುಳ್ಳು ಎಂದು ಹಗಲಲ್ಲಿ ಧಾರಾಳವಾಗಿ ಹೇಳುತ್ತಿದ್ದವರು ಅವರೇ. ಆದರೆ ಆ ಬಾಗಿಲ ಮುಂದೆ ಹಾದುಹೋಗುವಾಗ ಹೆಜ್ಜೆ ತಾನಾಗಿ ಬಿರುಸಾಗುವುದನ್ನು ಅವರಿಂದ ತಡೆಯಲಾಗುತ್ತಿರಲಿಲ್ಲ. ಎರಡು ಕೂಸು, ಒಂದೇ ಥರ. ಅವರ ವಿಜ್ಞಾನದ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಇಲ್ಲ ಎಂದೇ ಅವರು ನಂಬಿದ್ದರು.

ಆ ವರ್ಷ ಹೆಡ್‌ಮಾಸ್ಟರ್ ಸೋಮಯ್ಯನವರು ಮಡಿಕೇರಿಯಿಂದ ಒಂದು ಸೀಸೆ ಈಥರ್ ತಂದುಕೊಟ್ಟರು. ರೋಗಿಗಳಿಗೆ ಪ್ರಜ್ಞೆ ತಪ್ಪಿಸಲು ಅದನ್ನು ಬಳಸುವ ಡಾಕ್ಟರೊಬ್ಬರು ಅಲ್ಲಿ ಅವರ ಸ್ನೇಹಿತರು. "ಮಾಸ್ಟ್ರೇ, ನಿಮ್ಮ ಸ್ಪಿರಿಟ್ ಆಟ ಸಾಕು. ಇದ್ರಲ್ಲಿ ಐಸ್ ಮಾಡಿ ತೋರ್ಸಿ. ನಮ್ಮ ಹುಡುಗ್ರು ಐಸ್ ಎಲ್ಲಿ ನೋಡಿದ್ದಾರೆ?" ಎಂದರು.

ಮೇಷ್ಟ್ರು ಮೇಜಿನ ಮೇಲೆ ಮರದ ಹಲಗೆಯೊಂದನ್ನು ಇಟ್ಟು, ಅದರ ಮೇಲೆ ನಾಲ್ಕು ಹನಿ ನೀರು ಚೆಲ್ಲಿ, ಆ ನೀರಿನ ಮೇಲೆ ತೆಳು ತಾಮ್ರದ ಬಟ್ಟಲು ಕೂರಿಸಿದರು. ಬಟ್ಟಲಿಗೆ ಈಥರ್ ಸುರಿದು ಸೈಕಲ್ ಪಂಪಿನಿಂದ ಗಾಳಿ ಊದಿದರು. ಘಾಟು ವಾಸನೆ ಕೋಣೆ ತುಂಬಿತು. ಈಥರ್ ಗುಳುಗುಳು ಎನ್ನುತ್ತ ಆರಿಹೋಗತೊಡಗಿತು. ಬಟ್ಟಲ ಹೊರಮೈಗೆ ಬಿಳಿ ಮಂಜು ಕಟ್ಟಿತು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬಟ್ಟಲನ್ನು ಮೇಲೆತ್ತಿದರು. ಹಲಗೆಯೂ ಜೊತೆಗೇ ಎದ್ದು ಬಂತು. ಕೆಳಗಿನ ನೀರು ಗಡ್ಡೆಯಾಗಿ ಎರಡನ್ನೂ ಬೆಸೆದಿತ್ತು.

ಹುಡುಗರು ಹೋ ಎಂದು ಕೂಗಿದರು. ಮೇಷ್ಟ್ರು ನಗುತ್ತ ಎಂದಿನ ಮಾತನ್ನು ಶುರು ಮಾಡಿದರು: "ಆರೋ ದ್ರವಕ್ಕೆ ಕಾವು ಬೇಕು. ಎಲ್ಲಿಂದ ತರ್ತದೆ? ಯಾರಿಗೆ ಅಂಟಿಕೊಂಡಿದೆಯೋ..."

ಬಟ್ಟಲು ಅವರ ಬೆರಳ ನಡುವೆ ಇತ್ತು. ಆ ತಣುಪು ಅವರಿಗೆ ಹೊಸದಾಗಿರಲಿಲ್ಲ. ಅಷ್ಟು ಹರಿತವಲ್ಲದಿದ್ದರೂ ಅದೇ ತಣುಪನ್ನು ಅವರ ಅಂಗೈ ಎರಡು ಸಲ ಹಿಡಿದಿತ್ತು. ಒಳಗಿಂದ ಯಾರೋ ಕಾವನ್ನು ಎಳೆದುಕೊಂಡುಬಿಟ್ಟಂಥ ತಣುಪು. ಕಣ್ಣ ಮುಂದೆ ನಡುಮನೆಯ ಮೊರ ಬಂತು. ಒದ್ದೆ ಸೀರೆಯ ತುಂಡು, ನೀರು ತೊಟ್ಟಿಕ್ಕುವ ಕರಿ ಕೂದಲು, ತೆರೆದ ಬಾಗಿಲು, ಗಾಳಿ.

"ಯಾರಿಗೆ ಅಂಟಿಕೊಂಡಿದೆಯೋ?" ಮುಂದಿನ ಬೆಂಚಿನವರು ಪಾಠ ಒಪ್ಪಿಸುವಂತೆ ಎಳೆದರು. ಮೇಷ್ಟ್ರು ಬಟ್ಟಲು ಕೆಳಗಿಟ್ಟು, "ಇವತ್ತಿಗೆ ಸಾಕು" ಎಂದು ಹೊರಗೆ ನಡೆದರು.

ಖಾಲಿ ಸ್ಟಾಫ್‌ರೂಮಿನಲ್ಲಿ ಕೂತು ಒಂದು ಕಾಗದದ ಮೇಲೆ ಲೆಕ್ಕ ಹಾಕಿದರು. ಅದು ಪರೀಕ್ಷೆಗೆ ಕೊಡುವಂಥ ಸುಲಭದ ಲೆಕ್ಕ. ಈಗ ಹುಟ್ಟಿದ ಕೂಸಿನ ತೂಕ ಎಷ್ಟು, ಮೈಯ ವಿಶಿಷ್ಟೋಷ್ಣ ಎಷ್ಟು, ನೀರು ಆರಲು ಬೇಕಾದ ಗುಪ್ತೋಷ್ಣ ಎಷ್ಟು. ಕೂಸಿಗೆ ಹಾಲು ಕುಡಿಸುವ ಒಳಲೆ ಇದೆಯಲ್ಲ, ಅದೊಂದರಷ್ಟು ನೀರು ಅದರ ಮೈಮೇಲೆಯೇ ಆರಿದರೆ ಮೈಕಾವು ಆರೇಳು ಡಿಗ್ರಿ ಇಳಿಯುತ್ತದೆ. ಅರ್ಧ ಕಾವು ಗಾಳಿಯಿಂದ ಬಂತು ಎಂದುಕೊಂಡರೂ ಉಳಿದರ್ಧ ಸಾಲದೇ? ದೊಡ್ಡವರ ಮೈ ದೊಡ್ಡ ಹಂಡೆ, ತಡೆಯುತ್ತದೆ. ಕೂಸಿನದು ಚಿಕ್ಕ ಲೋಟ. ಒಂದು ಕಡೆ ಅಗ್ಗಿಷ್ಟಿಕೆ ಇಟ್ಟು ಇನ್ನೊಂದು ಕಡೆ ಒದ್ದೆಬಟ್ಟೆ ಸುತ್ತಿದ್ದರೆ ಏನು ಬಂತು? ಇಟ್ಟಿಗೆಯಾದರೋ ಬೇಗ ಕಾದು ಬೇಗ ತಣಿಯುವ ವಸ್ತು.

ಅದೇ ಕಾರಣ ಎಂದು ಖಂಡಿತ ಹೇಳಲು ಯಾರಿಂದಲೂ ಆಗದು. ಬೇರೆ ಏನೋ ಇದ್ದಿರಬಹುದು. ಹಾಗೆಂದು ತಮಗೆ ತಾವೇ ಎಷ್ಟು ಸಲ ಹೇಳಿಕೊಂಡರೂ ಬೆರಳ ತುದಿಯ ತಣುಪು ಹೋಗಲಿಲ್ಲ.

ಸುಮಿತ್ರಮ್ಮನಿಗೆ ಪುಷ್ಯದಲ್ಲೇ ದಿನ ತುಂಬುವುದಿತ್ತು. ಮೇಷ್ಟ್ರು ಮನೆಯಲ್ಲಿ ಕಾರಣ ಹೇಳದೆ ಮಾತು ತೆಗೆದರು.

"ಅವ್ವ, ಈ ಸಲ ಕೂಸಿಗೆ ನೀರು ಹಾಕೋದು ಬೇಡ. ಒಣಗಿದ ಬಟ್ಟೇಲಿ ಒರೆಸಿ, ಕಂಬಳೀಲಿ ಸುತ್ತಿ ತಾಯಿ ಮೈಗೆ ಹಚ್ಚಿ ಮಲಗಿಸ್ರಿ."

ಬಸಲಿಂಗಮ್ಮ ಹೌಹಾರಿದರು. "ನೀರು ಹಾಕ್ದೆ? ಹೆತ್ತ ಕೊಳೆ ಮೈಗೆ ಲಿಂಗ ಕಟ್ಸೋದಾ? ಲಿಂಗ ಇಲ್ದೆ ಆ ಕೂಸಿಗೆ ರಕ್ಷೆ ಏನೋ? ಮನೇಲಿ ಅವಳು ಕಾದು ಕೂತವ್ಳೆ, ಇವನು ಹಿಂಗಂತಾನೆ!"

"ಅವಳ ಮಾತು ಬಿಡವ್ವ."

"ಹೆಂಗೆ ಬಿಡ್ಲಿ? ಎರಡು ಕೂಸು ತಿಂದವ್ಳೆ."

ಅವಳಲ್ಲ ಎಂದು ಮೇಷ್ಟ್ರು ಹೇಳಿದರೆ, ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. ಎರಡು ಸಲವೂ ಸೆರಗು ಸಿಕ್ಕಿಸಿ, ಮಣೆಯ ಮೇಲೆ ಕಾಲು ನೀಡಿ ಕೂತು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು, ಬಿಸಿ ಹೆಚ್ಚಾಯಿತೇನೋ ಎಂದು ಮೊಣಕೈ ಅದ್ದಿ ನೋಡಿ ನೋಡಿ ನೀರು ಹಾಕಿದವರು ಇದೇ ಅವ್ವ.

ಅವರು ಕುಶಾಲನಗರದ ರಸ್ತೆಯಲ್ಲಿದ್ದ ನಿಂಗಮ್ಮನ ಮನೆಗೆ ಹೋದರು. ಹಾಸನದ ಸೀಮೆಯಿಂದ ಬಂದು ಅಲ್ಲಿ ಗದ್ದೆ ಮಾಡಿಕೊಂಡಿದ್ದ ಕುಟುಂಬ ಅವಳದು. ಮೇಷ್ಟ್ರು ಅವಳ ಅಂಗೈಗೆ ಒಂದು ತೊಟ್ಟು ಸ್ಪಿರಿಟ್ ಬಿಟ್ಟು ಊದಲು ಹೇಳಿದರು. ಹುಡುಗರಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದರು. ನಿಂಗಮ್ಮ ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡಳು.

"ನನ್ ಕೈಲಿ ಹುಟ್ಟಿದ್ ಕೂಸೆಲ್ಲ ನೀರು ಹಾಕ್ಸಿಕೊಂಡೇ ಬದುಕವಲ್ಲ ಬುದ್ಧಿ?"

"ಬೇಸಿಗೇಲಿ ಹುಟ್ಟಿದ್ವು, ಬಾಗಿಲು ಮುಚ್ಚಿದ ಮನೇಲಿ ಹುಟ್ಟಿದ್ವು, ದಪ್ಪಗಿದ್ವು. ಚಳಿಗಾಳೀಲಿ ಹೋದವೂ ಇಲ್ವೇನು?"

ಅವಳ ಕಣ್ಣು ಎಲ್ಲೋ ಹೋಯಿತು, ಒಂದೊಂದೇ ಮನೆಯ ಬಾಗಿಲಿಗೆ ಹೋಗಿ ನಿಂತು ಬಂದಂತೆ. "ಆಯ್ತು," ಎಂದಳು. "ನಾನು ಬಾಗ್ಲಲ್ಲಿ ಅಡ್ಡ ನಿಂತ್ಕೋತೀನಿ. ಅವ್ವಾರಿಗೆ ನೀವು ಹೇಳ್ಕೊಳಿ."

ಪುಷ್ಯದ ಒಂದು ಮಧ್ಯಾಹ್ನ ಸುಮಿತ್ರಮ್ಮನಿಗೆ ಬೇನೆ ಬಂತು. ಬಿಸಿಲಿತ್ತು, ಆದರೆ ಗಾಳಿ ಚರ್ಮ ಬಿರಿಯುವಷ್ಟು ಒಣ. ಮೇಷ್ಟ್ರು ಸೋಡಾ ಅಂಗಡಿಯಿಂದ ದಪ್ಪ ಸೀಸೆಗಳನ್ನು ತಂದು, ಕಾದ ನೀರು ತುಂಬಿ, ಬಿರಡೆ ಬಿಗಿದು, ಒಂದೊಂದಕ್ಕೂ ಬಟ್ಟೆ ಸುತ್ತಿಟ್ಟರು. ಕೂಸು ಹುಟ್ಟಿದ ಸದ್ದು ಕೇಳಿತು. ಹೆಣ್ಣು. ಬಸಲಿಂಗಮ್ಮ ಆಗಲೇ ಬಚ್ಚಲಲ್ಲಿ ಮಣೆ ಹಾಕಿ ಕೂತಿದ್ದರು.

"ತಾರೇ ನಿಂಗಿ ಕೂಸ್ನ."

"ಇಲ್ಲ ಕಣ್ರವ್ವ. ಕೊಡಾಕಿಲ್ಲ."

ಮಾತು ಬೆಳೆಯಿತು. ಬಸಲಿಂಗಮ್ಮ ಅತ್ತರು, ಎದೆ ಬಡಿದುಕೊಂಡರು. ಅದೇ ಹೊತ್ತಿಗೆ ಅಯ್ಯನವರು ಜಗಲಿ ಹತ್ತಿದರು. ಇಬ್ಬರ ಮಾತನ್ನೂ ಆ ಮುದುಕ ಕೇಳಿಸಿಕೊಂಡರು. "ತಾಯಿ, ಲಿಂಗದಿಂದ ಮೈಲಿಗೆ ಹೋಗ್ತದೆ ಅಂತಾರೆ ನಮ್ಮೋರು. ಮೈಲಿಗೆ ಹೋದ ಮೇಲೆ ಲಿಂಗ ಕಟ್ಟಬೇಕು ಅಂತ ಎಲ್ಲಿ ಹೇಳವ್ರೆ?" ಎಂದು ಒಳಗೆ ಹೋದರು. ಕಂಬಳಿಯ ಅಂಚು ಬೆರಳಷ್ಟು ಸರಿಸಿ, ಲಿಂಗ ಕಟ್ಟಿ, ಮತ್ತೆ ಮುಚ್ಚಿ ಬಂದರು.

ಬಾಗಿಲು ಮುಚ್ಚಿತು. ಒರೆಸಿದ ಕೂಸು ತಾಯಿಯ ಎದೆಗೆ ಅಂಟಿಕೊಂಡಿತ್ತು, ಎರಡು ಬದಿಗೆ ಸೀಸೆಗಳು. ಸಂಜೆ ಮೇಷ್ಟ್ರು ಒಳಗೆ ಹೋಗಿ ಕಂಬಳಿಯೊಳಗೆ ಕೈ ಇಟ್ಟು ಆ ಪಾದಗಳನ್ನು ಹುಡುಕಿದರು. ಬೆಚ್ಚಗಿದ್ದವು. ಅವರು ಕೈ ತೆಗೆಯಲೇ ಇಲ್ಲ. "ಬಿಡ್ರೀ, ಕೂಸು ಹಾಲು ಕುಡೀಲಿ" ಎಂದು ಸುಮಿತ್ರಮ್ಮನೇ ಹೇಳಬೇಕಾಯಿತು.

ಕೂಸು ಉಳಿಯಿತು. ಸುಮಿತ್ರಮ್ಮ ಬೀಗ ತೆಗೆಸಿ ಆ ಕೋಣೆ ಗುಡಿಸಿದಳು, ದೀಪ ಇಟ್ಟಳು, ಹೊಸ ಸೀರೆ ಇಟ್ಟು ಕೈ ಮುಗಿದಳು. "ಅಕ್ಕ ಬಿಟ್ಕೊಟ್ರು" ಎಂದು ಬಂದವರಿಗೆಲ್ಲ ಹೇಳಿದಳು. ಬೀದಿಯೂ ಹಾಗೇ ಹೇಳಿತು. ಸರ್ವಮಂಗಳ ಈಗ ಕೊಂದವಳಷ್ಟೇ ಅಲ್ಲ, ಕ್ಷಮಿಸಿದವಳೂ ಆದಳು.

ಬಾಣಂತನ ಮುಗಿಯುತ್ತ ಬಂದಾಗ, ಒಂದು ಬೆಳಿಗ್ಗೆ ಬಸಲಿಂಗಮ್ಮ ರೊಟ್ಟಿ ತಟ್ಟುತ್ತ, ತಲೆ ಎತ್ತದೆ ಕೇಳಿದರು.

"ಕರಿಬಸ, ಆ ಎರಡೂ ಕೂಸಿಗೂ ನೀರು ಹಾಕಿದ್ದು ನಾನೇ ಅಲ್ವೇನೋ?"

ಮೇಷ್ಟ್ರು ಕೈಲಿದ್ದ ಲೋಟ ಕೆಳಗಿಟ್ಟರು. "ಗೊತ್ತಿರ್ಲಿಲ್ಲವ್ವ. ಯಾರಿಗೂ ಗೊತ್ತಿರ್ಲಿಲ್ಲ."

"ನಿಂಗಿ ಎಲ್ಲಾನೂ ಹೇಳಿದ್ಲು. ಸ್ಪಿರಿಟ್ ಹನೀದು." ಅವರು ರೊಟ್ಟಿಯನ್ನು ಹೆಂಚಿಗೆ ಹಾಕಿದರು. "ನಂಗೆ ಗೊತ್ತಿರ್ಲಿಲ್ಲ, ಸರಿ. ನಿಂಗೆ ಗೊತ್ತಿತ್ತಲ್ಲಪ್ಪ. ವರ್ಷ ವರ್ಷ ಹುಡುಗ್ರಿಗೆ ಹೇಳ್ಕೊಡ್ತೀಯಂತಲ್ಲ."

ಅದರಲ್ಲಿ ಬೈಗುಳ ಇರಲಿಲ್ಲ. ಅರ್ಥವಾಗದ್ದನ್ನು ಮಗನ ಬಳಿ ಕೇಳಿ ತಿಳಿಯುವವರಂತೆ ಕೇಳಿದ್ದರು. ಮೇಷ್ಟ್ರಿಗೆ ಗೊತ್ತಿತ್ತು, ನಿಜ. ಪುಸ್ತಕದಲ್ಲಿ ಗೊತ್ತಿತ್ತು, ಕರಿಹಲಗೆಯ ಮೇಲೆ ಗೊತ್ತಿತ್ತು. ಸರ್ವಮಂಗಳಳ ಹಣೆಯ ಬಟ್ಟೆ ಬದಲಿಸುವಾಗ ಕೈಗೂ ಗೊತ್ತಿತ್ತು. ನಡುಮನೆಯಲ್ಲಿ ನಿಂತಾಗ ಮಾತ್ರ ಗೊತ್ತಿರಲಿಲ್ಲ. ಅದನ್ನು ಅವ್ವನಿಗೆ ಹೇಗೆ ಹೇಳುವುದು? ಹೆಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ಇಬ್ಬರೂ ಅದನ್ನು ತೆಗೆಯಲಿಲ್ಲ.

ಅಂದಿನಿಂದ ಬಸಲಿಂಗಮ್ಮ ಯಾರ ಮನೆಯ ಕೂಸಿಗೂ ನೀರು ಹಾಕಲಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳುವ ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಳ್ಳುವರು, ಒಣಗಿದ್ದರೂ ಮತ್ತೆ ಒರೆಸಿಕೊಳ್ಳುವರು.

ಸುಮಿತ್ರಮ್ಮನಿಗಾದರೂ ಹೇಳಿ, ಸತ್ತವಳ ಮೇಲಿನ ಅಪವಾದ ತೆಗೆಯಬೇಕೆಂದು ಮೇಷ್ಟ್ರಿಗೆ ಅನ್ನಿಸಿತು. ಒಂದು ಸಂಜೆ ಅವಳು ಆ ಕೋಣೆಯಲ್ಲಿ ದೀಪ ಹಚ್ಚುತ್ತಿದ್ದಾಗ ಬಾಗಿಲಲ್ಲಿ ನಿಂತು, "ಅವಳು ಅಲ್ಲ ಸುಮಿತ್ರಾ. ಅವಳು ಏನೂ ಮಾಡಿಲ್ಲ. ಆ ಎರಡು ಸಲ ಆಗಿದ್ದು..." ಎಂದು ಶುರು ಮಾಡಿದರು.

ಸುಮಿತ್ರಮ್ಮ ತಿರುಗಿ ನೋಡಿದಳು. "ಬೇಡಿ. ನಿಂಗಮ್ಮ ಅತ್ತೆಗೆ ಹೇಳೋವಾಗ ನಾನೂ ಕೇಳಿಸ್ಕೊಂಡೆ. ಅಕ್ಕನ ಮೇಲೇ ಇರ್ಲಿ. ಸತ್ತವರು ಹೊರ್ತಾರೆ. ಅತ್ತೆ ಹೊರಲಾರರು. ನೀವೂ ಹೊರಲಾರಿರಿ." ಬತ್ತಿಯನ್ನು ಸ್ವಲ್ಪ ಮುಂದೂಡಿ, "ನಾನೇನು ಬರೇ ಹರಕೆಗೆ ದೀಪ ಇಡ್ತೀನಿ ಅಂದ್ಕೊಂಡ್ರಾ? ನಮ್ಮ ಭಾರ ಹೊತ್ತಿದ್ದಕ್ಕೂ ಇಡ್ತೀನಿ" ಎಂದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಹೆದರಿಕೆ ಉಳಿದದ್ದು ಮೇಷ್ಟ್ರಿಗೆ ಒಬ್ಬರಿಗೇ. ಮೊದಲು ಎಲ್ಲರೂ ಸರ್ವಮಂಗಳ ಇದ್ದಾಳೆ ಎನ್ನುತ್ತಿದ್ದಾಗ ಅವರಿಗೆ ಅವಳು ಕಂಡಿರಲಿಲ್ಲ. ಕಾರಣ ತಿಳಿದ ಮೇಲೆ ಬರತೊಡಗಿದಳು. ಮನೆಯಲ್ಲಲ್ಲ, ತರಗತಿಯಲ್ಲಿ. ಶಾಖದ ಪಾಠದ ದಿನ, ಅಂಗೈಗಳ ಮೇಲೆ ಸ್ಪಿರಿಟ್ ಆರುತ್ತಿರುವಾಗ, ಹಿಂದಿನ ಬಾಗಿಲ ಬಳಿ ಯಾರೋ ಸೆರಗು ಹೊದ್ದು ನಿಂತಂತೆ ಆಗುತ್ತಿತ್ತು. ಮುಖ ಇಲ್ಲ, ಕೋಪ ಇಲ್ಲ. ತನ್ನ ಹೆಸರು ಬರುತ್ತದೇನೋ ಎಂದು ಕಾಯುವವಳ ಹಾಗೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರೆ ಬಾಗಿಲಲ್ಲಿ ಬಿಸಿಲು ಮಾತ್ರ ಇರುತ್ತಿತ್ತು.

ಕೊಡಗು ಮೈಸೂರಿನೊಡನೆ ಸೇರಿತು. ಮೇಷ್ಟ್ರಿಗೆ ಊರೂರಿಗೆ ವರ್ಗವಾಯಿತು. ನಿಂಗಮ್ಮ ಹೋದ ಮನೆಗಳಲ್ಲೆಲ್ಲ ಚಳಿಗಾಲದ ಕೂಸಿಗೆ ನೀರು ಹಾಕಗೊಡದೆ ಜಗಳ ಕಾದು, ಅರ್ಧ ಮನೆಗಳಲ್ಲಿ ಸೋತು, ಅರ್ಧ ಮನೆಗಳಲ್ಲಿ ಗೆದ್ದಳು. ಬಸಲಿಂಗಮ್ಮ ಹಣ್ಣು ಹಣ್ಣು ಮುದುಕಿಯಾಗಿ ತೀರಿಕೊಂಡರು.

ಮೇಷ್ಟ್ರು ಪಾಠಕ್ಕೆ ಪುಸ್ತಕದಲ್ಲಿಲ್ಲದ ಒಂದು ಮಾತನ್ನು ಸೇರಿಸಿಕೊಂಡಿದ್ದರು. ಗುಪ್ತೋಷ್ಣದ ಲೆಕ್ಕಗಳೆಲ್ಲ ಮುಗಿದ ಮೇಲೆ, ಮೀಸೆ ಚಿಗುರುತ್ತಿದ್ದ ಆ ಹುಡುಗರಿಗೆ, "ಮುಂದೆ ನಿಮಗೂ ಮಕ್ಕಳಾಗ್ತವೆ. ಹುಟ್ಟಿದ ಕೂಡ್ಲೇ ಮೈ ಒರೆಸಿ. ಒಣಗಿದ ಬಟ್ಟೇಲಿ ಸುತ್ತಿ. ಗಾಳಿಗೆ ಹಿಡೀಬೇಡಿ" ಎನ್ನುತ್ತಿದ್ದರು.

ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕನೆ ನಗುತ್ತಿದ್ದರು. ಪ್ರತಿ ವರ್ಷವೂ ನಗುತ್ತಿದ್ದರು. ಮೇಷ್ಟ್ರು ಗದರುತ್ತಿರಲಿಲ್ಲ. ನಗು ನಿಲ್ಲುವವರೆಗೆ ಸೀಮೆಸುಣ್ಣ ಹಿಡಿದು ಕಾದಿದ್ದು, ಅದೇ ಮಾತನ್ನು ಮೊದಲಿಂದ ಇನ್ನೊಮ್ಮೆ ಹೇಳುತ್ತಿದ್ದರು.